ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರಿಗೆ: ಮಲೆನಾಡಿನ ಮನೆಯಿಂದ ಕಣ್ಣಿನ ತಜ್ಞರ ಕೊಠಡಿಯವರೆಗೆ

ಕನ್ನಡಕದ ನಂಬರನ್ನು ಎಷ್ಟು ಸಲ ಬದಲಾಯಿಸಿದರೂ ಅಕ್ಷರಗಳಿಗೆ ನೆರಳು ಬಿದ್ದಂತೆ ಕಾಣುತ್ತಿದ್ದವರಿಗೆ ವೈದ್ಯರು ‘ಗಟ್ಟಿ ಲೆನ್ಸ್ ಹಾಕಿ ನೋಡೋಣ’ ಎಂದಾಗ ಎರಡು ಅಳುಕುಗಳು ಹುಟ್ಟುತ್ತವೆ. ಕಣ್ಣಿನ ಮೇಲೆ ಗಟ್ಟಿ ವಸ್ತುವನ್ನು ಇಟ್ಟುಕೊಂಡು ದಿನ ಕಳೆಯುವುದು ಹೇಗೆ ಎಂಬುದು ಒಂದು. ಏನಾದರೂ ತೊಂದರೆಯಾದರೆ ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಪ್ರತಿ ಸಲ ಶಿವಮೊಗ್ಗದ ಬಸ್ಸು ಹತ್ತಬೇಕಲ್ಲ ಎಂಬುದು ಇನ್ನೊಂದು. ಮೊದಲನೆಯದು ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಕಳೆಯುತ್ತದೆ. ಎರಡನೆಯದಕ್ಕೆ ನಿಜವಾದ ಆಧಾರವಿದೆ, ಏಕೆಂದರೆ ಗಟ್ಟಿ ಲೆನ್ಸ್ ಮೊದಲ ಸಲಕ್ಕೇ ಸರಿಯಾಗಿ ಹೊಂದಿಕೊಳ್ಳುವುದು ಕಡಿಮೆ. ಅಳತೆಯನ್ನು ತಿದ್ದಿ ಮತ್ತೆ ಮಾಡಿಸುವುದು ಈ ಚಿಕಿತ್ಸೆಯ ಭಾಗವೇ ಆಗಿದೆ. ತಜ್ಞರು ಅಳತೆಯನ್ನು ತಿದ್ದುವುದು ತಮ್ಮ ಪರೀಕ್ಷೆಯ ಜೊತೆಗೆ ಧರಿಸುವವರು ಹೇಳಿದ ಮಾತಿನ ಆಧಾರದ ಮೇಲೂ. ಆದ್ದರಿಂದ ಲೆನ್ಸನ್ನು ಹೇಗೆ ಹಾಕಿಕೊಳ್ಳಬೇಕು ಎಂಬುದರಷ್ಟೇ, ಅದರ ಬಗ್ಗೆ ಏನನ್ನು ಗಮನಿಸಿ ಹೇಗೆ ಹೇಳಬೇಕು ಎಂಬುದನ್ನೂ ಕಲಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಲೆನ್ಸ್ ಯಾರಿಗೆ, ಏಕೆ

ಇಲ್ಲಿ ಗಟ್ಟಿ ಲೆನ್ಸ್ ಎಂದರೆ ತಜ್ಞರು ಆರ್‌ಜಿಪಿ ಎಂದು ಕರೆಯುವ, ಆಮ್ಲಜನಕವನ್ನು ತನ್ನ ಮೂಲಕ ಹಾದುಹೋಗಲು ಬಿಡುವ ಲೆನ್ಸ್. ಹಿಂದಿನ ಕಾಲದ ಗಟ್ಟಿ ಲೆನ್ಸುಗಳನ್ನು ಪಿಎಂಎಂಎ ಎಂಬ ಪ್ಲಾಸ್ಟಿಕ್‌ನಿಂದ ಮಾಡುತ್ತಿದ್ದರು, ಅದರಲ್ಲಿ ಆಮ್ಲಜನಕ ದಾಟುತ್ತಿರಲಿಲ್ಲ. ಈಗಿನವು ಹಾಗಲ್ಲ. ಆರ್‌ಜಿಪಿ ಲೆನ್ಸಿನ ಅಗಲ ಸಾಮಾನ್ಯವಾಗಿ 9ರಿಂದ 10 ಮಿ.ಮೀ. ಇರುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ 11ರಿಂದ 12 ಮಿ.ಮೀ. ಅಗಲವಿರುವುದರಿಂದ, ಈ ಲೆನ್ಸ್ ಕಾರ್ನಿಯಾಕ್ಕಿಂತ ಚಿಕ್ಕದು. ರೆಪ್ಪೆ ಮಿಟುಕಿಸಿದಾಗಲೆಲ್ಲ ಕಣ್ಣೀರಿನ ಮೇಲೆ ತುಸು ಜಾರಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಮೆತ್ತನೆಯ ಲೆನ್ಸ್ 14 ಮಿ.ಮೀ. ಆಸುಪಾಸಿದ್ದು ಕಾರ್ನಿಯಾವನ್ನು ಪೂರ್ತಿ ಹೊದ್ದುಕೊಳ್ಳುತ್ತದೆ. ಸ್ಕ್ಲೀರಲ್ ಲೆನ್ಸ್ ಇನ್ನೂ ದೊಡ್ಡದು, ಸುಮಾರು 15 ಮಿ.ಮೀ.ಗಿಂತ ಹೆಚ್ಚು, ಅದು ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ.

ಈ ಲೆನ್ಸಿನ ಅಗತ್ಯ ಹೆಚ್ಚಾಗಿ ಬೀಳುವುದು ಕೆರಟೋಕೋನಸ್ ಇರುವವರಿಗೆ. ಈ ಕಾಯಿಲೆಯಲ್ಲಿ ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಉಬ್ಬುತ್ತದೆ. ಹದಿಹರೆಯದಲ್ಲಿ ಆರಂಭವಾಗಿ ಹಲವು ವರ್ಷ ಮುಂದುವರಿಯುವುದು ಇದರ ಸಾಮಾನ್ಯ ನಡೆ, ಅಲರ್ಜಿಯಿಂದ ಕಣ್ಣು ತುರಿಸಿ ಪದೇ ಪದೇ ತಿಕ್ಕುವವರಲ್ಲಿ ಇದು ಹೆಚ್ಚು. ಕಾರ್ನಿಯಾ ಕಸಿಯಾದವರಿಗೆ, ಗಾಯವಾಗಿ ಕಾರ್ನಿಯಾದ ಮೈ ಏರುಪೇರಾದವರಿಗೆ, ಬಹಳ ಹೆಚ್ಚಿನ ನಂಬರು ಇರುವವರಿಗೂ ಇದನ್ನು ಸೂಚಿಸುತ್ತಾರೆ. ಏರುತಗ್ಗಿನ ಗದ್ದೆಯಲ್ಲಿ ನೀರು ನಿಂತಾಗ ಮೇಲ್ಮೈ ಸಮನಾಗುವಂತೆ, ಲೆನ್ಸಿನ ಕೆಳಗೆ ನಿಂತ ಕಣ್ಣೀರು ಕಾರ್ನಿಯಾದ ಏರುಪೇರನ್ನು ತುಂಬುತ್ತದೆ, ಬೆಳಕು ಬಂದು ತಾಗುವುದು ಲೆನ್ಸಿನ ನಯವಾದ ಮೈಗೆ. ಮೆತ್ತನೆಯ ಲೆನ್ಸ್ ಕಾರ್ನಿಯಾದ ಆಕಾರಕ್ಕೇ ಬಾಗಿಬಿಡುವುದರಿಂದ ಅದರಿಂದ ಈ ಕೆಲಸ ಆಗುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಎಷ್ಟೋ ಮನೆಗಳಲ್ಲಿ ಹಾನಿ ಮಾಡಿದೆ. ಲೆನ್ಸ್ ಹಾಕಿದರೆ ಕೆರಟೋಕೋನಸ್ ನಿಲ್ಲುತ್ತದೆ ಎಂದು ನಂಬಿ, ದೃಷ್ಟಿ ಚೆನ್ನಾಗಿದೆಯಲ್ಲ ಎಂದು ಪರೀಕ್ಷೆಗೆ ಹೋಗುವುದನ್ನೇ ಬಿಡುವವರಿದ್ದಾರೆ. ಲೆನ್ಸ್ ಚೆನ್ನಾಗಿ ಕಾಣುವಂತೆ ಮಾಡುತ್ತದೆ ಅಷ್ಟೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಮುಂದುವರಿಯುತ್ತಿರುವ ಕೆರಟೋಕೋನಸ್ಸನ್ನು ತಡೆಯಲು ಬಳಸುವುದು ಕ್ರಾಸ್‌ಲಿಂಕಿಂಗ್ ಎಂಬ ಬೇರೆಯೇ ಚಿಕಿತ್ಸೆ; ರೈಬೊಫ್ಲೇವಿನ್ ಎಂಬ ಜೀವಸತ್ವದ ಹನಿಗಳನ್ನು ಹಾಕಿ ಅತಿನೇರಳೆ ಬೆಳಕನ್ನು ಹಾಯಿಸಿ ಕಾರ್ನಿಯಾವನ್ನು ಬಲಪಡಿಸುವ ಈ ವಿಧಾನದ ಮೊದಲ ಫಲಿತಾಂಶಗಳನ್ನು ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯರು 2003ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಇದನ್ನು ಸಿ-ತ್ರೀ-ಆರ್ ಎನ್ನುತ್ತಾರೆ. ಮನೆಯಲ್ಲಿ ಹದಿನೈದು, ಹದಿನೆಂಟರ ಹುಡುಗನಿಗೋ ಹುಡುಗಿಗೋ ಲೆನ್ಸ್ ಬರೆದುಕೊಟ್ಟಿದ್ದರೆ, ‘ಕಾಯಿಲೆ ಮುಂದುವರಿಯುತ್ತಿದೆಯೇ, ಕ್ರಾಸ್‌ಲಿಂಕಿಂಗ್ ಬೇಕೇ’ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು.

ಎಲ್ಲಿಗೆ ಹೋಗುವುದು, ಹೊರಡುವ ಮೊದಲು ಏನು ವಿಚಾರಿಸುವುದು

ಲೆನ್ಸ್ ಕೂರಿಸುವವರು ಮತ್ತು ಕಾಯಿಲೆಗೆ ಚಿಕಿತ್ಸೆ ಕೊಡುವವರು ಹಲವು ಕಡೆ ಬೇರೆ ಬೇರೆಯಾಗಿರುತ್ತಾರೆ. ನಂಬರು ನೋಡುವುದು, ಲೆನ್ಸಿನ ಅಳತೆ ತೆಗೆಯುವುದು, ಹಾಕಲು ತೆಗೆಯಲು ಕಲಿಸುವುದು ಬಹುಪಾಲು ಆಪ್ಟೋಮೆಟ್ರಿಸ್ಟರ ಕೆಲಸ. ಕಾರ್ನಿಯಾದ ಕಾಯಿಲೆ, ಹುಣ್ಣು, ಶಸ್ತ್ರಚಿಕಿತ್ಸೆಗಳೆಲ್ಲ ನೇತ್ರವೈದ್ಯರಿಗೆ, ಅದರಲ್ಲೂ ಕಾರ್ನಿಯಾ ತಜ್ಞರಿಗೆ ಸೇರಿದ್ದು. ಕೆರಟೋಕೋನಸ್ ಇರುವವರಿಗೆ ಈ ಇಬ್ಬರೂ ಬೇಕು. ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಕಣ್ಣಿನ ವಿಭಾಗವಿದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ, ಖಾಸಗಿ ಕಣ್ಣಿನ ಚಿಕಿತ್ಸಾಲಯಗಳೂ ಇವೆ. ಬೆಂಗಳೂರಿಗೆ ಹೋಗಬೇಕಾದರೆ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆಯಿಂದ ಹಿಡಿದು ದೊಡ್ಡ ಖಾಸಗಿ ಆಸ್ಪತ್ರೆಗಳವರೆಗೆ ಆಯ್ಕೆಗಳಿವೆ. ಯಾವ ಆಸ್ಪತ್ರೆಗೇ ಹೋಗಲಿ, ಕಾರ್ನಿಯಾ ತಜ್ಞರು ವಾರದ ಯಾವ ದಿನ ಇರುತ್ತಾರೆ, ಗಟ್ಟಿ ಲೆನ್ಸಿನ ಪರೀಕ್ಷಾ ಸೆಟ್ ಅಲ್ಲಿಯೇ ಇದೆಯೇ, ಕಾರ್ನಿಯಾದ ನಕ್ಷೆ ತೆಗೆಯುವ ಟೊಪೊಗ್ರಫಿ ಯಂತ್ರ ಇದೆಯೇ ಎಂಬ ಮೂರು ವಿಷಯಗಳನ್ನು ಫೋನಿನಲ್ಲಿ ವಿಚಾರಿಸಿಕೊಂಡೇ ಹೊರಡಬೇಕು.

ನಾಲ್ಕನೆಯದೂ ಒಂದಿದೆ, ಅದನ್ನು ಕೇಳದೆ ಬಂದು ಇಡೀ ದಿನ ಕಳೆದುಕೊಂಡು ಹಿಂದಿರುಗುವವರೇ ಹೆಚ್ಚು: ‘ಲೆನ್ಸ್ ಹಾಕಿಕೊಂಡು ಬರಬೇಕೇ, ತೆಗೆದು ಬರಬೇಕೇ?’ ಲೆನ್ಸ್ ಸರಿಯಾಗಿ ಕೂತಿದೆಯೇ ಎಂದು ನೋಡಲು, ಅದನ್ನು ಹಾಕಿ ಎರಡು ಮೂರು ಗಂಟೆಯಾದರೂ ಆಗಿರಬೇಕು. ಕಾರ್ನಿಯಾದ ನಕ್ಷೆ ತೆಗೆಯುವುದಾದರೆ ಇದಕ್ಕೆ ತೀರಾ ವಿರುದ್ಧ. ಲೆನ್ಸಿನ ಒತ್ತಡದಿಂದ ಕಾರ್ನಿಯಾದ ಆಕಾರ ತಾತ್ಕಾಲಿಕವಾಗಿ ಬದಲಾಗಿರುವುದರಿಂದ, ಅದು ಮೂಲ ಸ್ಥಿತಿಗೆ ಮರಳಲು ಲೆನ್ಸಿಲ್ಲದೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆದರೆ ಲೆನ್ಸ್ ಇಲ್ಲದೆ ಕೆಲಸಕ್ಕೆ ಹೋಗಲಾಗದವರಿಗೆ ಇದು ಸುಲಭವಲ್ಲ. ಎಷ್ಟು ದಿನ ಬಿಡಬೇಕು, ಒಂದೊಂದು ಕಣ್ಣಿಗೆ ಸರದಿಯ ಮೇಲೆ ಬಿಡಬಹುದೇ ಎಂದು ಮುಂಚಿತವಾಗಿ ಕೇಳಿ ನಿರ್ಧರಿಸಬೇಕು. ಹೇಗೇ ಹೋಗಲಿ, ಲೆನ್ಸಿನ ಡಬ್ಬಿ, ದ್ರಾವಣ, ಕನ್ನಡಕ ಚೀಲದಲ್ಲಿರಲಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆಗಳ ಕಾಲ ಹತ್ತಿರದ್ದು ಮಸುಕಾಗಿ, ಬಿಸಿಲು ಚುಚ್ಚುವುದರಿಂದ ಜೊತೆಗೆ ಒಬ್ಬರು ಬರುವುದು ಒಳ್ಳೆಯದು, ಬೈಕ್ ಓಡಿಸಿಕೊಂಡು ಹೋಗುವುದಂತೂ ಬೇಡ.

ಅಳತೆಯ ದಿನ ನಡೆಯುವುದು

ತಜ್ಞರು ಮೊದಲು ಪರೀಕ್ಷಾ ಲೆನ್ಸೊಂದನ್ನು ಕಣ್ಣಿಗೆ ಹಾಕಿ, ಕಣ್ಣೀರು ನಿಲ್ಲುವವರೆಗೆ ಸುಮಾರು ಅರ್ಧ ಗಂಟೆ ಕೂರಿಸುತ್ತಾರೆ. ಆಮೇಲೆ ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣ ಹಚ್ಚಿದ ಕಾಗದದ ಪಟ್ಟಿಯನ್ನು ಕಣ್ಣಿನ ಅಂಚಿಗೆ ಮುಟ್ಟಿಸುತ್ತಾರೆ. ಕಣ್ಣನ್ನು ದೊಡ್ಡದಾಗಿಸಿ ನೋಡುವ ಸ್ಲಿಟ್ ಲ್ಯಾಂಪ್ ಯಂತ್ರದ ಮುಂದೆ ಗದ್ದ ಇಟ್ಟು ಕೂತಾಗ ನೀಲಿ ಬೆಳಕು ಹಾಯಿಸಿದರೆ, ಲೆನ್ಸಿನ ಕೆಳಗೆ ಕಣ್ಣೀರು ದಪ್ಪಗೆ ನಿಂತ ಜಾಗ ಹೊಳೆಯುವ ಹಸಿರಾಗಿ, ಲೆನ್ಸ್ ಕಾರ್ನಿಯಾಕ್ಕೆ ತಾಗುವ ಜಾಗ ಕಪ್ಪಾಗಿ ಕಾಣುತ್ತದೆ. ನಡುಭಾಗದಲ್ಲಿ ದೊಡ್ಡ ಕಪ್ಪು ಕಲೆಯಿದ್ದರೆ ಲೆನ್ಸ್ ಕಾರ್ನಿಯಾದ ತುದಿಯನ್ನು ಒತ್ತುತ್ತಿದೆ ಎಂದರ್ಥ. ಅದು ವರ್ಷಗಟ್ಟಲೆ ಹಾಗೆಯೇ ಇದ್ದರೆ ಅಲ್ಲಿ ಕಲೆ ಕಟ್ಟಬಹುದು. ಹಲವು ತಜ್ಞರ ಬಳಿ ಈ ಚಿತ್ರವನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆಯಿರುತ್ತದೆ. ‘ಮೇಡಂ, ಹಸಿರು ಎಲ್ಲಿದೆ, ಕಪ್ಪು ಎಲ್ಲಿದೆ ಅಂತ ನನಗೂ ಒಮ್ಮೆ ತೋರಿಸ್ತೀರಾ?’ ಎಂದು ವಿನಯವಾಗಿ ಕೇಳಿದರೆ ಬೇಸರಪಡುವವರು ಕಡಿಮೆ, ಮತ್ತು ಅದನ್ನು ನೋಡಿದ ಮೇಲೆ ಮುಂದಿನ ಎಲ್ಲ ಮಾತುಕತೆಯೂ ಸುಲಭವಾಗುತ್ತದೆ.

ಚೀಟಿಯಲ್ಲಿ ಬರೆಯುವ ಅಂಕಿಗಳನ್ನು ಓದಲು ಕಲಿಯುವುದು ಕಷ್ಟವಲ್ಲ. ಕೆ ರೀಡಿಂಗ್ ಎಂದರೆ ಡಯಾಪ್ಟರ್ ಎಂಬ ಅಳತೆಯಲ್ಲಿ ಹೇಳುವ ಕಾರ್ನಿಯಾದ ಬಾಗು; ಸಾಮಾನ್ಯ ಕಣ್ಣಿನಲ್ಲಿ ಇದು 43-44 ಡಯಾಪ್ಟರ್ ಆಸುಪಾಸಿದ್ದು, ಕೆರಟೋಕೋನಸ್ಸಿನಲ್ಲಿ ಏರುತ್ತಾ ಹೋಗುತ್ತದೆ. ಬೇಸ್ ಕರ್ವ್ ಎಂದರೆ ಲೆನ್ಸಿನ ಒಳಮೈಯ ಬಾಗು, ಇದನ್ನು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಇವೆರಡೂ ಒಂದಕ್ಕೊಂದು ತಿರುವುಮುರುವು: 45 ಡಯಾಪ್ಟರ್ ಎಂದರೆ 7.50 ಮಿ.ಮೀ., 50 ಡಯಾಪ್ಟರ್ ಎಂದರೆ 6.75 ಮಿ.ಮೀ. ಮಿಲಿಮೀಟರ್ ಕಡಿಮೆಯಾದಷ್ಟೂ ಬಾಗು ಕಡಿದು. ಹೊಸ ಲೆನ್ಸಿನಲ್ಲಿ ಬೇಸ್ ಕರ್ವ್ 7.20ರಿಂದ 7.00ಕ್ಕೆ ಇಳಿದಿದ್ದರೆ, ಅದು ಹೊಂದಿಕೆಯ ತಿದ್ದುಪಡಿಯೇ ಅಥವಾ ಕಾರ್ನಿಯಾ ಇನ್ನಷ್ಟು ಉಬ್ಬಿದೆಯೇ ಎಂದು ಕೇಳುವ ಹಕ್ಕು ಧರಿಸುವವರಿಗಿದೆ. ಇವುಗಳ ಜೊತೆಗೆ ಲೆನ್ಸಿನ ಅಗಲ, ಪವರ್, ವಸ್ತುವಿನ ಹೆಸರು, ಬಣ್ಣ ಇಷ್ಟನ್ನೂ ಪ್ರತಿ ಕಣ್ಣಿಗೆ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಮಾಡಿಸಿದ ಲೆನ್ಸ್ ಸಾಗರದಲ್ಲಿ ಒಡೆದುಹೋದಾಗ ಈ ಒಂದು ಚೀಟಿ ಇದ್ದರೆ, ಹೊಸ ಅಳತೆಗಾಗಿ ಮತ್ತೆ ಅಷ್ಟು ದೂರ ಪ್ರಯಾಣ ಮಾಡದೆ ಅಂಥದ್ದೇ ಲೆನ್ಸ್ ತರಿಸಲು ಆಗಬಹುದು.

ಹಾಕುವುದು, ತೆಗೆಯುವುದು

ಕೈಯನ್ನು ಎಣ್ಣೆಯಂಶವಿಲ್ಲದ ಸೋಪಿನಿಂದ ತೊಳೆದು, ಎಳೆ ಉದುರದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಬೇಕು. ಒದ್ದೆ ಕೈಯಿಂದ ಲೆನ್ಸ್ ಮುಟ್ಟಿದರೆ ಬಾವಿಯ ನೀರೇ ಲೆನ್ಸಿಗೆ ಸೇರಿದಂತಾಗುತ್ತದೆ. ಬಚ್ಚಲಿನಲ್ಲಿ ನಿಂತು ಈ ಕೆಲಸ ಮಾಡಬೇಡಿ, ಜಾರಿದ ಲೆನ್ಸ್ ಮೋರಿ ಸೇರುತ್ತದೆ. ಮೇಜಿನ ಮೇಲೆ ತಿಳಿಬಣ್ಣದ ಬಟ್ಟೆ ಹಾಸಿ, ಕನ್ನಡಿಯನ್ನು ಅದರ ಮೇಲೆ ಮಲಗಿಸಿಟ್ಟು, ತಲೆ ಬಗ್ಗಿಸಿ ಹಾಕಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಯಾವಾಗಲೂ ಬಲಗಣ್ಣಿನದನ್ನೇ ಮೊದಲು ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಎಡಬಲ ಅದಲುಬದಲಾಗುವುದಿಲ್ಲ. ಎರಡು ಲೆನ್ಸುಗಳಿಗೆ ಬೇರೆ ಬೇರೆ ತಿಳಿಬಣ್ಣ ಕೊಡಿಸಿ ಎಂದು ಆರ್ಡರ್ ಕೊಡುವಾಗಲೇ ಕೇಳಬಹುದು.

ಹಾಕುವ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ಅಂಚನ್ನು ಸುತ್ತಲೂ ನೋಡಬೇಕು. ಕೂದಲೆಳೆಯಷ್ಟು ಸೀಳು ಅಥವಾ ಚಕ್ಕೆ ಎದ್ದ ಗುರುತು ಕಂಡರೂ ಅದನ್ನು ಹಾಕಬಾರದು. ಸರಿಯಿದ್ದರೆ ತೋರುಬೆರಳಿನ ತುದಿಯಲ್ಲಿ ಬಟ್ಟಲಿನಾಕಾರ ಮೇಲಾಗುವಂತೆ ಇಟ್ಟು ಒಂದು ಹನಿ ದ್ರಾವಣ ಹಾಕಿ, ಅದೇ ಕೈಯ ಮಧ್ಯದ ಬೆರಳಿನಿಂದ ಕೆಳರೆಪ್ಪೆಯನ್ನೂ ಇನ್ನೊಂದು ಕೈಯಿಂದ ಮೇಲ್ರೆಪ್ಪೆಯನ್ನು ಕೂದಲಿನ ಬುಡದಲ್ಲಿಯೇ ಹಿಡಿದು, ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೇರವಾಗಿ ನೋಡುತ್ತಾ ಮೆಲ್ಲಗೆ ಮುಟ್ಟಿಸಬೇಕು. ರೆಪ್ಪೆಯನ್ನು ತಕ್ಷಣ ಬಿಡದೆ, ಮೊದಲು ಕೆಳಗಿನದನ್ನು, ಆಮೇಲೆ ಮೇಲಿನದನ್ನು ನಿಧಾನವಾಗಿ ಬಿಡಬೇಕು. ಮೊದಲ ದಿನಗಳಲ್ಲಿ ನೀರು ಸುರಿಯುವುದು, ಮೇಲ್ರೆಪ್ಪೆಯ ಕೆಳಗೆ ಏನೋ ಸಿಕ್ಕಿದಂತಾಗುವುದು ಸಹಜ. ಆಗ ನೆಲ ನೋಡಿದರೆ ಆರಾಮ ಅನಿಸುತ್ತದೆ. ತೀಕ್ಷ್ಣವಾದ ನೋವು ಸಹಜವಲ್ಲ. ಹಾಗಾದರೆ ತೆಗೆದು, ತೊಳೆದು, ಮತ್ತೆ ಹಾಕಿ ನೋಡಬೇಕು. ಮೊದಲ ದಿನ ಎರಡರಿಂದ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಒಂದೆರಡು ಗಂಟೆ ಹೆಚ್ಚಿಸುತ್ತಾ ಹೋಗುವುದು ರೂಢಿ. ನಿಮ್ಮ ತಜ್ಞರು ಬೇರೆ ಲೆಕ್ಕ ಹೇಳಿದ್ದರೆ ಅದನ್ನೇ ಪಾಲಿಸಿ.

ತೆಗೆಯಲು ಹಲವು ವಿಧಾನಗಳಿವೆ. ಕಣ್ಣನ್ನು ದೊಡ್ಡದಾಗಿ ತೆರೆದು, ಹೊರಮೂಲೆಯ ಚರ್ಮವನ್ನು ಕಿವಿಯ ಕಡೆಗೆ ಎಳೆದು ಒಮ್ಮೆ ಗಟ್ಟಿಯಾಗಿ ರೆಪ್ಪೆ ಹೊಡೆದರೆ ಲೆನ್ಸ್ ಅಂಗೈಗೆ ಬೀಳುತ್ತದೆ. ಕೆಲವರಿಗೆ ಎರಡೂ ರೆಪ್ಪೆಗಳ ಅಂಚಿನಿಂದ ಲೆನ್ಸಿನ ಅಂಚನ್ನು ಒತ್ತಿ ಎಬ್ಬಿಸುವುದು ಸುಲಭ. ಪ್ಲಂಜರ್ ಎಂಬ ಪುಟ್ಟ ರಬ್ಬರ್ ಸಾಧನ ಬಳಸುವವರು, ಲೆನ್ಸ್ ಕಣ್ಣಿನಲ್ಲಿ ಇದೆ ಎಂದು ಕನ್ನಡಿಯಲ್ಲಿ ಖಚಿತಪಡಿಸಿಕೊಂಡೇ ಅದನ್ನು ಮುಟ್ಟಿಸಬೇಕು. ಬರಿಯ ಕಾರ್ನಿಯಾಕ್ಕೆ ಅದು ಅಂಟಿದರೆ ಗಾಯವಾಗುತ್ತದೆ. ಚಿಕ್ಕ ಆರ್‌ಜಿಪಿ ಲೆನ್ಸಿಗೆ ಪ್ಲಂಜರನ್ನು ನಡುವೆ ಇಡುತ್ತಾರೆ, ಸ್ಕ್ಲೀರಲ್ ಲೆನ್ಸಿಗೆ ನಡುವೆ ಇಡದೆ ಅಂಚಿನ ಬಳಿ ಇಟ್ಟು ಎತ್ತಬೇಕು. ಸ್ಕ್ಲೀರಲ್ ಹಾಕುವ ಕ್ರಮವೂ ಬೇರೆ: ಸಂರಕ್ಷಕ ಸೇರಿಸದ ಸಲೈನಿನಿಂದ ಲೆನ್ಸಿನ ಬಟ್ಟಲನ್ನು ತುಂಬಿಸಿ, ಮುಖವನ್ನು ನೆಲಕ್ಕೆ ಸಮಾನಾಂತರವಾಗಿ ಬಗ್ಗಿಸಿ ಹಾಕಬೇಕು, ಒಳಗೆ ಗಾಳಿಗುಳ್ಳೆ ಉಳಿದರೆ ತೆಗೆದು ಮತ್ತೆ ಹಾಕಬೇಕು.

ಲೆನ್ಸ್ ಬಿಳಿಭಾಗಕ್ಕೆ ಜಾರಿದರೆ ಹೆದರಬೇಕಾಗಿಲ್ಲ. ರೆಪ್ಪೆಯ ಒಳಪೊರೆ ಮಡಿಸಿಕೊಂಡು ಗುಡ್ಡೆಯನ್ನು ಹೊದ್ದಿರುವುದರಿಂದ ಅದು ಕಣ್ಣಿನ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಒಂದೆರಡು ಹನಿ ದ್ರಾವಣ ಬಿಟ್ಟು, ಅದು ಎಲ್ಲಿದೆಯೆಂದು ಕನ್ನಡಿಯಲ್ಲಿ ಕಂಡುಕೊಂಡು, ರೆಪ್ಪೆಯ ಮೇಲಿನಿಂದ ಮೆಲ್ಲಗೆ ನಡುವಿಗೆ ತರಬಹುದು. ಮಳೆಗಾಲದಲ್ಲಿ ಕರೆಂಟು ಹೋಗುವುದು ನಮ್ಮಲ್ಲಿ ದಿನನಿತ್ಯದ ಮಾತಾದ್ದರಿಂದ, ಲೆನ್ಸ್ ತೆಗೆಯುವುದನ್ನು ಕನ್ನಡಿಯಿಲ್ಲದೆ, ಕೈ ಅಂದಾಜಿನಲ್ಲಿಯೇ ಅಭ್ಯಾಸ ಮಾಡಿಕೊಂಡಿರುವುದು ಉಪಯೋಗಕ್ಕೆ ಬರುತ್ತದೆ. ಲೆನ್ಸ್ ಹಾಕಿಕೊಂಡೇ ಮಲಗುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ನೀರು, ಡಬ್ಬಿ, ದ್ರಾವಣ

ಮಲೆನಾಡಿನವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ನಮ್ಮ ಬಾವಿಯ ನೀರು, ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಕುಡಿಯಲು ಎಷ್ಟೇ ಚೆನ್ನಾಗಿದ್ದರೂ ಲೆನ್ಸಿಗೆ ಅದು ವಿಷವೆಂದೇ ತಿಳಿಯಬೇಕು. ಬಾವಿ, ಹೊಳೆ, ನಲ್ಲಿ, ಟ್ಯಾಂಕ್ ಎಲ್ಲ ನೀರಿನಲ್ಲಿಯೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸಿನ ಜೊತೆ ಕಣ್ಣಿಗೆ ಸೇರಿದರೆ ಆಗುವ ಕಾರ್ನಿಯಾ ಹುಣ್ಣಿಗೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ, ದೃಷ್ಟಿಯೇ ಹೋಗುವ ಸಂಭವವೂ ಇದೆ. ಕಾಯಿಸಿ ಆರಿಸಿದ ನೀರಾದರೂ ಬೇಡ, ಬಾಯಿಯ ಎಂಜಲಂತೂ ಬೇಡವೇ ಬೇಡ. ಸ್ನಾನ ಮಾಡುವಾಗ, ತುಂಗೆಯಲ್ಲೋ ಶರಾವತಿಯಲ್ಲೋ ಇಳಿಯುವಾಗ ಲೆನ್ಸ್ ತೆಗೆದಿಡಬೇಕು.

ಲೆನ್ಸ್ ತೆಗೆದ ಕೂಡಲೇ ಅಂಗೈಯಲ್ಲಿಟ್ಟು, ಕ್ಲೀನರ್ ಹನಿ ಹಾಕಿ, ಬೆರಳ ತುದಿಯಿಂದ ಹಗುರವಾಗಿ ಉಜ್ಜಿ, ದ್ರಾವಣದಲ್ಲಿ ತೊಳೆದು, ಡಬ್ಬಿಯಲ್ಲಿ ಹೊಸ ದ್ರಾವಣ ತುಂಬಿ ಮುಳುಗಿಸಿಡಬೇಕು. ನಿನ್ನೆಯ ದ್ರಾವಣಕ್ಕೆ ಮೇಲೆ ಸ್ವಲ್ಪ ಸೇರಿಸುವುದು ಉಳಿತಾಯವಲ್ಲ, ಸೋಂಕಿಗೆ ಆಹ್ವಾನ. ಹೈಡ್ರೋಜನ್ ಪೆರಾಕ್ಸೈಡ್ ಇರುವ ದ್ರಾವಣವನ್ನು ಅದರದೇ ವಿಶೇಷ ಡಬ್ಬಿಯಲ್ಲಿ, ತಯಾರಕರು ಹೇಳಿದಷ್ಟು ಗಂಟೆ ಇಟ್ಟು ತಟಸ್ಥವಾದ ಮೇಲೆಯೇ ಲೆನ್ಸ್ ಹೊರತೆಗೆಯಬೇಕು. ನೇರವಾಗಿ ಕಣ್ಣಿಗೆ ತಾಗಿದರೆ ತೀವ್ರವಾಗಿ ಸುಡುತ್ತದೆ. ಬೆಳಿಗ್ಗೆ ಡಬ್ಬಿಯನ್ನು ಖಾಲಿ ಮಾಡಿ, ದ್ರಾವಣದಿಂದಲೇ ತೊಳೆದು, ಬೋರಲು ಹಾಕಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಬಟ್ಟೆಗೇ ಬೂಸ್ಟು ಹಿಡಿಯುವಾಗ ಡಬ್ಬಿ ಒಣಗುವುದು ಕಷ್ಟ. ಬಚ್ಚಲುಮನೆಯ ಗೂಡಿನಲ್ಲಿಡದೆ ಗಾಳಿಯಾಡುವ ಕೋಣೆಯಲ್ಲಿಡಿ, ಮೂರು ತಿಂಗಳಿಗೊಮ್ಮೆಯಾದರೂ ಡಬ್ಬಿ ಬದಲಿಸಿ. ಗಟ್ಟಿ ಲೆನ್ಸಿನ ದ್ರಾವಣ ತಾಲ್ಲೂಕು ಕೇಂದ್ರದ ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ. ಮೆತ್ತನೆಯ ಲೆನ್ಸಿನದನ್ನೇ ‘ಇದೂ ನಡೆಯುತ್ತೆ’ ಎಂದು ಕೊಟ್ಟರೆ, ನಿಮ್ಮ ತಜ್ಞರನ್ನು ಕೇಳದೆ ಕೊಳ್ಳಬೇಡಿ. ಒಂದು ಬಾಟಲಿ ತೆರೆಯುವ ಹೊತ್ತಿಗೆ ಇನ್ನೊಂದು ಮನೆಯಲ್ಲಿರಲಿ.

ತೋಟ, ಅಂಗಳ, ಒಲೆ

ಗಟ್ಟಿ ಲೆನ್ಸ್ ಚಿಕ್ಕದಾಗಿದ್ದು ಅಲುಗಾಡುವುದರಿಂದ ದೂಳಿನ ಕಣ ಅದರ ಕೆಳಗೆ ಸುಲಭವಾಗಿ ಸೇರುತ್ತದೆ. ಭತ್ತದ ಒಕ್ಕಣೆ, ಒಣಗಿದ ಅಡಿಕೆ ಸುಲಿಯುವುದು, ದರಗು ಗುಡಿಸುವುದು, ಹಂಡೆ ಒಲೆಗೆ ಬೆಂಕಿ ಹಾಕುವುದು ಇವೆಲ್ಲವೂ ಲೆನ್ಸ್ ಇಲ್ಲದೆ, ಆಗದಿದ್ದರೆ ಸುತ್ತ ಮುಚ್ಚುವ ರಕ್ಷಣಾ ಕನ್ನಡಕ ಹಾಕಿಕೊಂಡೇ ಮಾಡಬೇಕಾದ ಕೆಲಸಗಳು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಮರದ ಕೆಳಗೆ ನಿಲ್ಲುವವರಿಗೂ ಇದು ಅನ್ವಯಿಸುತ್ತದೆ. ಮೈಲುತುತ್ತದ ಜೊತೆ ಅದರಲ್ಲಿ ಸುಣ್ಣವೂ ಇದೆ, ಸುಣ್ಣ ಕಣ್ಣಿಗೆ ಬಿದ್ದರೆ ಕಾರ್ನಿಯಾ ಸುಡುತ್ತದೆ. ಹಾಗೆ ಬಿದ್ದಾಗ ನೀರು ಬೇಡ ಎಂಬ ನಿಯಮ ಅನ್ವಯಿಸುವುದಿಲ್ಲ: ಕೈಗೆ ಸಿಕ್ಕಿದ ಶುದ್ಧ ನೀರಿನಿಂದ ತಕ್ಷಣ ಕಣ್ಣು ತೊಳೆಯಲು ಆರಂಭಿಸಿ, ಲೆನ್ಸ್ ಸುಲಭವಾಗಿ ಬಂದರೆ ತೆಗೆದು, ಅರ್ಧ ಗಂಟೆಯವರೆಗೆ ಬಿಡದೆ ತೊಳೆದು ಆಸ್ಪತ್ರೆಗೆ ಹೊರಡಬೇಕು. ಲೆನ್ಸ್ ಹುಡುಕುತ್ತಾ ತೊಳೆಯುವುದನ್ನು ತಡಮಾಡಬಾರದು.

ಎಲೆ, ಹುಲ್ಲು, ಕಡ್ಡಿ, ಅಡಿಕೆ ಸಿಪ್ಪೆ ಕಣ್ಣಿಗೆ ಬಡಿದು ಗೀರಾದರೆ ಶಿಲೀಂಧ್ರದ ಸೋಂಕು ತಗಲುವುದು ಕೃಷಿ ಮಾಡುವ ನಾಡುಗಳಲ್ಲೆಲ್ಲ ಕಂಡುಬರುವ ತೊಂದರೆ. ಅಂಥ ಗೀರು ಇದ್ದಾಗ ಲೆನ್ಸ್ ಹಾಕಬಾರದು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನು ಕಣ್ಣಿಗೆ ಬಿಡುವ ಹಿಂದಿನ ಪದ್ಧತಿಯನ್ನು ಹಿರಿಯರು ಪ್ರೀತಿಯಿಂದಲೇ ಹೇಳಿದರೂ, ಲೆನ್ಸ್ ಧರಿಸುವ ಕಣ್ಣಿಗೆ ಅವು ಬೇಡ ಎಂದು ಗೌರವದಿಂದಲೇ ನಿರಾಕರಿಸಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಹನಿ ಇವುಗಳಿಗಿಂತ ಅಪಾಯಕಾರಿ. ಕೆಂಪು ತಕ್ಷಣ ಇಳಿದು ವಾಸಿಯಾದಂತೆ ತೋರುತ್ತದೆ, ಒಳಗೆ ಶಿಲೀಂಧ್ರ ಬೆಳೆಯುತ್ತಿರುತ್ತದೆ.

ತಜ್ಞರಿಂದ ಉತ್ತರ ಪಡೆಯುವುದು

ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವ ಸಮಯ ಕೆಲವೇ ನಿಮಿಷ. ‘ಸರಿಯಾಗಿ ಕಾಣ್ತಿಲ್ಲ ಸರ್’ ಎಂಬ ಮಾತಿನಿಂದ ತಜ್ಞರಿಗೆ ಬಹಳ ಕಡಿಮೆ ಗೊತ್ತಾಗುತ್ತದೆ. ಅದೇ ಮಸುಕು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದರ ಮೇಲೆ ಕಾರಣವೇ ಬೇರೆಯಾಗುತ್ತದೆ. ಹಾಕಿದ ಕೂಡಲೇ ಮಸುಕಿದ್ದರೆ ಎಡಬಲ ಬದಲಾಗಿರಬಹುದು ಅಥವಾ ಪವರ್ ತಿದ್ದಬೇಕಾಗಿರಬಹುದು. ಬೆಳಿಗ್ಗೆ ಚೆನ್ನಾಗಿದ್ದು ನಾಲ್ಕೈದು ಗಂಟೆಯ ಮೇಲೆ ಮಂಜು ಕವಿದರೆ ಲೆನ್ಸಿನ ಮೇಲೆ ಪೊರೆ ಕಟ್ಟುತ್ತಿರಬಹುದು, ಕಣ್ಣು ಒಣಗುತ್ತಿರಬಹುದು, ಸ್ಕ್ಲೀರಲ್ ಆದರೆ ಒಳಗಿನ ಸಲೈನ್ ಕದಡಿರಬಹುದು. ರಾತ್ರಿ ಎದುರು ಬರುವ ವಾಹನದ ದೀಪಕ್ಕೆ ಬಾಲವೋ ಸುತ್ತುಬಳೆಯೋ ಕಂಡರೆ ಲೆನ್ಸ್ ನಡುವಿನಲ್ಲಿ ಕೂರದಿರಬಹುದು. ಲೆನ್ಸ್ ತೆಗೆದ ಮೇಲೆ ಕನ್ನಡಕದಲ್ಲೂ ಗಂಟೆಗಟ್ಟಲೆ ಮಸುಕಿದ್ದರೆ ಲೆನ್ಸ್ ಕಾರ್ನಿಯಾವನ್ನು ಒತ್ತುತ್ತಿರಬಹುದು ಅಥವಾ ಕಾರ್ನಿಯಾಕ್ಕೆ ಆಮ್ಲಜನಕ ಸಾಲದೆ ಊತ ಬಂದಿರಬಹುದು. ಇವುಗಳಲ್ಲಿ ಯಾವುದು ಎಂದು ನಿರ್ಧರಿಸುವುದು ತಜ್ಞರ ಕೆಲಸ, ಆದರೆ ಆ ನಿರ್ಧಾರಕ್ಕೆ ಬೇಕಾದ ವಿವರ ಇರುವುದು ಧರಿಸುವವರ ಬಳಿ ಮಾತ್ರ.

ಆದ್ದರಿಂದ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಹಾಕಿದ ಹೊತ್ತು, ತೆಗೆದ ಹೊತ್ತು, ಯಾವ ಕಣ್ಣು, ಏನಾಯಿತು, ಆಗ ಏನು ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ಭೇಟಿಯ ಮುಂಚಿನ ಒಂದು ವಾರವಾದರೂ ಬರೆಯಿರಿ. ಒಂದೊಂದು ಕಣ್ಣನ್ನು ಮುಚ್ಚಿ ಅದೇ ಗೋಡೆಯ ಕ್ಯಾಲೆಂಡರನ್ನು ಅದೇ ದೂರದಿಂದ ಓದಿ ನೋಡುವುದು ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ. ಎರಡೂ ಕಣ್ಣು ತೆರೆದಿದ್ದಾಗ ಒಂದರ ಇಳಿಕೆ ಗೊತ್ತಾಗುವುದೇ ಇಲ್ಲ. ಕೆಂಪಾದ ಕಣ್ಣು ಆಸ್ಪತ್ರೆ ತಲುಪುವಷ್ಟರಲ್ಲಿ ತಿಳಿಯಾಗುವುದುಂಟು, ಆದ್ದರಿಂದ ಆಗಲೇ ಫೋನಿನಲ್ಲಿ ಚಿತ್ರ ತೆಗೆದಿಡಿ.

ಪ್ರಶ್ನೆಗಳನ್ನು ಮೂರಕ್ಕೆ ಸೀಮಿತಗೊಳಿಸಿ ಕಾಗದದಲ್ಲಿ ಬರೆದೊಯ್ಯುವುದು, ಬಹಳ ಮುಖ್ಯವಾದದ್ದನ್ನು ಮೊದಲು ಕೇಳುವುದು ಒಳ್ಳೆಯದು. ‘ಡಾಕ್ಟರೇ, ಬಲಗಣ್ಣಿನಲ್ಲಿ ಮಧ್ಯಾಹ್ನ ಎರಡು ಗಂಟೆ ಆದ ಮೇಲೆ ಮಂಜು ಬರುತ್ತೆ, ತೆಗೆದು ತೊಳೆದು ಹಾಕಿದರೆ ಮತ್ತೆ ಎರಡು ಗಂಟೆ ಚೆನ್ನಾಗಿರುತ್ತೆ; ಇದು ಲೆನ್ಸಿನ ತೊಂದರೆಯೋ ಕಣ್ಣೀರಿನ ತೊಂದರೆಯೋ?’ ಎಂಬಂಥ ಪ್ರಶ್ನೆಗೆ ಉತ್ತರ ಕೊಡದೆ ಕಳುಹಿಸುವುದು ಯಾವ ವೈದ್ಯರಿಗೂ ಸುಲಭವಲ್ಲ. ಕಳೆದ ಸಲದ ನಕ್ಷೆಗೂ ಈ ಸಲದ್ದಕ್ಕೂ ಏನು ವ್ಯತ್ಯಾಸ, ಕಾರ್ನಿಯಾದ ದಪ್ಪ ಎಷ್ಟಿದೆ, ಲೆನ್ಸಿನಿಂದ ಕಲೆಯೇನಾದರೂ ಆಗಿದೆಯೇ, ದಿನಕ್ಕೆ ಗರಿಷ್ಠ ಎಷ್ಟು ಗಂಟೆ ಧರಿಸಬಹುದು, ಈಗ ಹಾಕುತ್ತಿರುವ ಅಲರ್ಜಿ ಹನಿಯನ್ನು ಲೆನ್ಸಿಗೆ ಎಷ್ಟು ಮುಂಚೆ ಹಾಕಬೇಕು ಎಂಬವು ವರ್ಷಕ್ಕೊಮ್ಮೆಯಾದರೂ ಕೇಳಬೇಕಾದ ಪ್ರಶ್ನೆಗಳು. ಉತ್ತರ ಅರ್ಥವಾಗದಿದ್ದರೆ ತಲೆಯಾಡಿಸಿ ಹೊರಬರಬೇಡಿ. ‘ನನಗೆ ಅರ್ಥವಾದದ್ದು ಹೀಗೆ, ಸರಿಯೇ?’ ಎಂದು ನಿಮ್ಮ ಮಾತಿನಲ್ಲಿ ಹೇಳಿ ನೋಡಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಒಬ್ಬರ ಉತ್ತರದಿಂದ ಸಮಾಧಾನವಾಗದಿದ್ದಾಗ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ಆದರೆ ಹಳೆಯ ದಾಖಲೆಯಿಲ್ಲದೆ ಹೋದರೆ ಎರಡನೆಯವರು ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಗುತ್ತದೆ. ಕಾಯಿಲೆ ಮುಂದುವರಿದಿದೆಯೇ ಎಂಬುದು ಎರಡು ನಕ್ಷೆಗಳನ್ನು ಹೋಲಿಸದೆ ತಿಳಿಯುವುದೇ ಇಲ್ಲ. ರೋಗಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆ ನಿಯಮಗಳು ಹೇಳುತ್ತವೆ. ನಕ್ಷೆಯ ಬಣ್ಣದ ಪ್ರತಿಯನ್ನೇ ಕೇಳಿ ಪಡೆಯಿರಿ; ಕಪ್ಪುಬಿಳುಪು ಜೆರಾಕ್ಸಿನಲ್ಲಿ ಅದು ಓದಲು ಬರುವುದಿಲ್ಲ.

ತಡಮಾಡದೆ ಹೊರಡಬೇಕಾದಾಗ

ಪ್ರತಿದಿನ ಲೆನ್ಸ್ ಹಾಕಿದ ಮೇಲೆ ಕಣ್ಣು ಕೆಂಪಾಗಿದೆಯೇ, ನೋಯುತ್ತಿದೆಯೇ, ಎಂದಿನಂತೆ ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ. ಲೆನ್ಸ್ ತೆಗೆದ ಮೇಲೂ ಇಳಿಯದ ಕೆಂಪು, ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಇಳಿಯುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇವುಗಳಲ್ಲಿ ಯಾವುದಿದ್ದರೂ ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ. ನಾಳೆ ಬೆಳಗಿನ ಬಸ್ಸಿಗೆ ಹೋದರಾಯಿತು ಎನ್ನುವಂತಿಲ್ಲ, ಕಾರ್ನಿಯಾದ ಹುಣ್ಣು ಒಂದು ರಾತ್ರಿಯಲ್ಲಿ ಹರಡಬಲ್ಲದು. ಕಣ್ಣಿಗೆ ಪಟ್ಟಿ ಕಟ್ಟಬೇಡಿ. ತೆಗೆದ ಲೆನ್ಸನ್ನೂ ಅದರ ಡಬ್ಬಿಯನ್ನೂ ತೊಳೆಯದೆ, ಹಾಗೆಯೇ ಜೊತೆಗೆ ಒಯ್ಯಿರಿ, ಸೋಂಕು ಯಾವುದೆಂದು ಪ್ರಯೋಗಾಲಯದಲ್ಲಿ ಕಂಡುಹಿಡಿಯಲು ಅವು ನೆರವಾಗುತ್ತವೆ. ಕೆರಟೋಕೋನಸ್ ಮುಂದುವರಿದವರಲ್ಲಿ ಒಮ್ಮೆಲೇ ಕಾರ್ನಿಯಾ ಊದಿ ಬೆಳ್ಳಗಾಗಿ ನೋಯುವುದುಂಟು, ಅದೂ ಅಂದೇ ತೋರಿಸಬೇಕಾದದ್ದು.

ಲೆನ್ಸ್ ಚೆನ್ನಾಗಿಯೇ ಇದ್ದರೂ ವರ್ಷಕ್ಕೊಮ್ಮೆ, ಹರೆಯದವರು ತಜ್ಞರು ಹೇಳಿದಂತೆ ಇನ್ನೂ ಬೇಗ, ಪರೀಕ್ಷೆಗೆ ಹೋಗಬೇಕು. ಒಂದೆರಡು ವರ್ಷದಲ್ಲಿ ಲೆನ್ಸಿನ ಮೈ ಗೀರುಬಿದ್ದು ಬದಲಿಸಬೇಕಾಗುತ್ತದೆ. ಹೊಸದು ಬಂದಾಗ ಹಳೆಯದು ಬಿರುಕಿಲ್ಲದೆ ಇದ್ದು ತಜ್ಞರೂ ಒಪ್ಪಿದರೆ, ಅದನ್ನು ಅವರು ಹೇಳಿದ ರೀತಿಯಲ್ಲಿ ಶುಚಿಮಾಡಿ, ದಿನಾಂಕವನ್ನೂ ಅಳತೆಯನ್ನೂ ಬರೆದ ಚೀಟಿಯೊಂದಿಗೆ ಬೇರೆ ಡಬ್ಬಿಯಲ್ಲಿಡಿ. ಮತ್ತೆ ಬಳಸುವ ಮೊದಲು ಅದನ್ನು ಹೊಸ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಬೇಕು.